‘ಪಿತೃ’ವೇ ‘ಫಾದರ್’ ಆಯಿತೇ? ಗ್ರಿಮ್ ಅಣ್ಣನ ಬದುಕಿನಲ್ಲಿದೆ ಉತ್ತರ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇದು ಬಂದಿರುತ್ತದೆ. ಒಂದು ಬದಿಯಲ್ಲಿ ಸಂಸ್ಕೃತ, ಇನ್ನೊಂದು ಬದಿಯಲ್ಲಿ ಇಂಗ್ಲಿಷ್. ಪಿತೃ – ಫಾದರ್, ಮಾತೃ – ಮದರ್, ಭ್ರಾತೃ – ಬ್ರದರ್, ದಂತ – ಡೆಂಟಲ್, ನಾಮ – ನೇಮ್. ಕೊನೆಯಲ್ಲಿ ಇಂಗ್ಲಿಷ್ ಹುಟ್ಟಿದ್ದೇ ಸಂಸ್ಕೃತದಿಂದ ಎಂಬ ಘೋಷಣೆ, ಕೈ ಮುಗಿಯುವ ಎಮೋಜಿ, ಹತ್ತು ಜನಕ್ಕೆ ಕಳಿಸಿ ಎಂಬ ಅಪ್ಪಣೆ.

ಈ ಪಟ್ಟಿ ಪೂರ್ತಿ ಸುಳ್ಳಾಗಿದ್ದರೆ ಸುಲಭವಿತ್ತು. ತೊಂದರೆ ಏನೆಂದರೆ, ಇದರಲ್ಲಿ ಅರ್ಧ ನಿಜವಿದೆ. ಪಿತೃ ಮತ್ತು ಫಾದರ್ ನಡುವೆ ಇರುವುದು ರಕ್ತಸಂಬಂಧವೇ. ಆದರೆ ಅದು ತಾಯಿ–ಮಗಳ ಸಂಬಂಧವಲ್ಲ, ಅಕ್ಕ–ತಂಗಿಯರದ್ದು. ಈ ಮಾತನ್ನು ಬರೀ ಊಹೆಯಾಗಿ ಬಿಡದೆ, ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾದ ನಿಯಮದ ಮೇಲೆ ನಿಲ್ಲಿಸಿದವರಲ್ಲಿ ಒಬ್ಬನ ಹೆಸರು ನಿಮಗೆ ಚಿಕ್ಕಂದಿನಿಂದಲೂ ಗೊತ್ತು. ಸಿಂಡರೆಲ್ಲಾ, ಸ್ನೋ ವೈಟ್, ಕೆಂಪು ಟೊಪ್ಪಿಗೆಯ ಹುಡುಗಿ ಮುಂತಾದ ಕಥೆಗಳ ಪುಸ್ತಕದ ಮೇಲೆ ‘ಗ್ರಿಮ್ ಸೋದರರು’ ಎಂದಿರುತ್ತದಲ್ಲ, ಅವರಲ್ಲಿ ಹಿರಿಯವನು. ಹೆಸರು ಯಾಕೋಬ್ ಗ್ರಿಮ್. ಇಂಗ್ಲಿಷಿನವರ ಬಾಯಲ್ಲಿ ಜೇಕಬ್.

ಮಜಾ ಎಂದರೆ, ಈ ಮನುಷ್ಯ ಶುರುವಿನಲ್ಲಿ ನಮ್ಮ ಫಾರ್ವರ್ಡ್ ಬರೆಯುವವರ ಹಾಗೇ ಇದ್ದ.

ಅಪ್ಪನಿಲ್ಲದ ಮನೆಯ ಹಿರಿಮಗ

ಯಾಕೋಬ್ ಹುಟ್ಟಿದ್ದು 1785ರ ಜನವರಿ 4ರಂದು, ಹಾನಾವ್ ಎಂಬ ಊರಿನಲ್ಲಿ. ಆಗ ಜರ್ಮನಿ ಎಂಬ ಒಂದು ದೇಶ ಇರಲಿಲ್ಲ. ನಮ್ಮಲ್ಲಿ ಮೊದಲು ಸಂಸ್ಥಾನಗಳಿದ್ದ ಹಾಗೆ ನೂರಾರು ಸಣ್ಣದೊಡ್ಡ ಸಂಸ್ಥಾನಗಳಿದ್ದವು. ಎಲ್ಲವನ್ನೂ ಹೆಚ್ಚು ಕಡಿಮೆ ಒಟ್ಟಿಗೆ ಹಿಡಿದಿದ್ದು ಭಾಷೆ ಮಾತ್ರ. ತಮ್ಮ ವಿಲ್‌ಹೆಲ್ಮ್ ಹುಟ್ಟಿದ್ದು ಮರುವರ್ಷ, 1786ರ ಫೆಬ್ರವರಿಯಲ್ಲಿ. ಅಪ್ಪ ಕಾನೂನು ಓದಿದ ಸರ್ಕಾರಿ ಅಧಿಕಾರಿ. 1791ರಲ್ಲಿ ಷ್ಟೈನಾವ್ ಎಂಬ ಊರಿಗೆ ವರ್ಗವಾಗಿ, ಅಲ್ಲಿ ದೊಡ್ಡ ಮನೆ, ಆಳುಕಾಳು ಎಲ್ಲ ಇದ್ದ ಸಂಸಾರ. 1796ರ ಜನವರಿಯಲ್ಲಿ ಅಪ್ಪ ತೀರಿಕೊಂಡ. ಸರ್ಕಾರಿ ಮನೆ ಕೈಬಿಟ್ಟಿತು. ಅಮ್ಮ, ಆರು ಮಕ್ಕಳು, ಅವರಲ್ಲಿ ಹಿರಿಯ ಯಾಕೋಬ್‌ಗೆ ಆಗತಾನೇ ಹನ್ನೊಂದು ತುಂಬಿತ್ತು. ಮುಂದೆ ‘ಅಪ್ಪ’ ಎಂಬ ಪದದ ಚರಿತ್ರೆಗೆ ಬೀಗದ ಕೈ ಕೊಟ್ಟವನು ಅಪ್ಪನ ಜೊತೆ ಬದುಕಿದ್ದು ಅಷ್ಟೇ ವರ್ಷ.

ಕಾಸೆಲ್ ಅರಮನೆಯಲ್ಲಿ ಕೆಲಸಕ್ಕಿದ್ದ ದೊಡ್ಡಮ್ಮ ಹುಡುಗರಿಬ್ಬರನ್ನೂ ತನ್ನ ಊರಿಗೆ ಕರೆಸಿಕೊಂಡು ಶಾಲೆಗೆ ಹಾಕಿಸಿದಳು. 1802ರಲ್ಲಿ ಯಾಕೋಬ್ ಮಾರ್ಬುರ್ಗ್ ವಿಶ್ವವಿದ್ಯಾಲಯಕ್ಕೆ ಸೇರಿದ. ಅಪ್ಪನಂತೆ ಕಾನೂನು ಓದಿ ನೌಕರಿ ಹಿಡಿಯುವುದು ಲೆಕ್ಕಾಚಾರ. ಅಲ್ಲಿ ಸಿಕ್ಕ ಗುರು ಸಾವಿನ್ಯಿ, ಕಾನೂನಿನ ಇತಿಹಾಸದ ದೊಡ್ಡ ಪಂಡಿತ. ಈಗ ಇರುವ ಕಾನೂನು ಯಾಕೆ ಹೀಗಿದೆ ಎಂದು ತಿಳಿಯಬೇಕಾದರೆ ಅದರ ಅತಿ ಹಳೆಯ ರೂಪದ ತನಕ ಹಿಂದೆ ಹೋಗಬೇಕು ಎಂಬುದು ಅವನ ಪಾಠದ ತಿರುಳು. ಆ ಗುರುವಿನ ಮನೆಯ ಪುಸ್ತಕಗಳಲ್ಲೇ ಯಾಕೋಬ್ ಹಳೆಯ ಜರ್ಮನ್ ಕಾವ್ಯವನ್ನು ಮೊದಲು ಕಂಡಿದ್ದು. 1805ರಲ್ಲಿ ಗುರುವಿಗೆ ಹಸ್ತಪ್ರತಿ ಹುಡುಕಿಕೊಡಲು ಪ್ಯಾರಿಸ್‌ಗೂ ಹೋಗಿಬಂದ. ವಕೀಲಿಕೆ ಅಲ್ಲಿಗೆ ಮುಗಿಯಿತು ಎನ್ನಬಹುದು.

ಮುಂದಿನದು ಕಷ್ಟದ ಕಾಲ. ನೆಪೋಲಿಯನ್‌ನ ಸೇನೆ ಕಾಸೆಲ್ ಹಿಡಿಯಿತು. 1808ರಲ್ಲಿ ಅಮ್ಮ ತೀರಿಕೊಂಡಳು. ತಮ್ಮಂದಿರು, ತಂಗಿ ಎಲ್ಲರ ಹೊಟ್ಟೆಪಾಡು ಯಾಕೋಬ್‌ನ ಹೆಗಲಿಗೆ ಬಿತ್ತು. ಫ್ರೆಂಚರನ್ನು ಕಂಡರೆ ಆಗದವನು ಅದೇ ವರ್ಷ ನೆಪೋಲಿಯನ್‌ನ ತಮ್ಮ, ಕಾಸೆಲ್‌ನಲ್ಲಿ ಕೂತಿದ್ದ ರಾಜ ಜೆರೋಮ್‌ನ ಗ್ರಂಥಪಾಲಕನಾದ. ಸಂಬಳ ಚೆನ್ನಾಗಿತ್ತು, ಕೆಲಸ ಕಡಿಮೆಯಿತ್ತು, ಓದಲು ಸಮಯ ಸಿಕ್ಕಿತು. ಹೊಟ್ಟೆಗೆ ಸಿದ್ಧಾಂತ ಗೊತ್ತಾಗುವುದಿಲ್ಲ.

1812ರಲ್ಲಿ ಅಣ್ಣತಮ್ಮ ಸೇರಿ ಕಥೆಗಳ ಮೊದಲ ಸಂಪುಟ ತಂದರು, 1815ರಲ್ಲಿ ಎರಡನೆಯದು. ಇವರ ಬಗ್ಗೆ ಓಡಾಡುವ ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೋದರರು ಹೆಗಲಿಗೆ ಚೀಲ ಹಾಕಿಕೊಂಡು ಹಳ್ಳಿಹಳ್ಳಿ ಅಲೆದು ರೈತರಿಂದ ಕಥೆ ಬರೆದುಕೊಂಡರು ಎಂದು ಹೇಳುವುದುಂಟು. ಹಾಗೇನಿಲ್ಲ. ಕಥೆ ಹೇಳಿದವರಲ್ಲಿ ಬಹಳ ಮಂದಿ ಊರಿನ ಓದು ಬಲ್ಲ ಮನೆಗಳ ಹೆಣ್ಣುಮಕ್ಕಳು, ಸೋದರರ ಪರಿಚಯದವರು. ಬಹಳ ಕಥೆ ಕೊಟ್ಟ ಡೊರೊಥೆಯಾ ಫೀಮಾನ್ ಒಬ್ಬ ದರ್ಜಿಯ ಹೆಂಡತಿ. ಅವಳ ಪೂರ್ವಿಕರು ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟರು. ಅಪ್ಪಟ ಜರ್ಮನ್ ಕಥೆ ಎಂದು ಹೆಸರಾದ ಕೆಲವು ಹೀಗೆ ಅರ್ಧ ಫ್ರೆಂಚ್ ಮನೆಯವು.

ಮುಖಕ್ಕೆ ಹೊಡೆದಂಥ ವಿಮರ್ಶೆ

ಈ ದಿನಗಳಲ್ಲಿ ಯಾಕೋಬ್ ಪದಗಳ ಮೂಲವನ್ನೂ ಹುಡುಕುತ್ತಿದ್ದ. ಹೇಗೆ? ಕಿವಿಗೆ ಒಂದೇ ಥರ ಕೇಳಿದರೆ ಸಂಬಂಧ ಇದೆ ಎನ್ನುವುದು. ಅರ್ಥ ಸ್ವಲ್ಪ ಎಳೆದರೆ ಕೂಡುತ್ತದೆ, ಎಳೆ. ಯಾವ ಭಾಷೆಯಿಂದ ಯಾವ ಭಾಷೆಗೆ ಬೇಕಾದರೂ ಹಾರು. 1815ರಲ್ಲಿ ಔಗುಸ್ಟ್ ವಿಲ್‌ಹೆಲ್ಮ್ ಶ್ಲೇಗೆಲ್ ಎಂಬ ಹೆಸರಾಂತ ವಿದ್ವಾಂಸ ಸೋದರರ ಪತ್ರಿಕೆಯೊಂದನ್ನು ವಿಮರ್ಶೆ ಮಾಡುತ್ತ ಈ ಚಾಳಿಯನ್ನು ಹಿಗ್ಗಾಮುಗ್ಗಾ ಗೇಲಿ ಮಾಡಿದ. ವ್ಯಾಕರಣದ ಗಟ್ಟಿ ಅಭ್ಯಾಸವಿಲ್ಲದೆ ಪದಮೂಲ ಹುಡುಕುವುದು ಮಕ್ಕಳಾಟ ಎಂಬುದು ಅವನ ಮಾತಿನ ಸಾರ. ಈ ಶ್ಲೇಗೆಲ್‌ನೇ ಮೂರು ವರ್ಷದ ನಂತರ ಬಾನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಜರ್ಮನಿಯಲ್ಲೇ ಮೊದಲಿಗನಾಗಿ ಸಂಸ್ಕೃತ ಪ್ರಾಧ್ಯಾಪಕನ ಪೀಠದಲ್ಲಿ ಕೂತ.

ಇಂಥ ವಿಮರ್ಶೆ ಬಂದರೆ ನಾವು ಗ್ರೂಪ್ ಬಿಟ್ಟು ಹೋಗುತ್ತೇವೆ. ಯಾಕೋಬ್ ಕೂತು ಓದತೊಡಗಿದ. ಗಾಥಿಕ್, ಹಳೆಯ ಇಂಗ್ಲಿಷ್, ಹಳೆಯ ನಾರ್ಸ್, ಹಳೆಯ ಜರ್ಮನ್, ಸಿಕ್ಕಿದ್ದೆಲ್ಲವನ್ನೂ ಓದಿ, ಒಂದೊಂದು ಪದವನ್ನೂ ಒಂದೊಂದು ವಿಭಕ್ತಿಯನ್ನೂ ಪಟ್ಟಿ ಮಾಡಿದ. 1819ರಲ್ಲಿ ‘ಜರ್ಮನ್ ವ್ಯಾಕರಣ’ದ ಮೊದಲ ಸಂಪುಟ ಹೊರಬಂತು. ಹೆಸರು ಜರ್ಮನ್ ಎಂದಿದ್ದರೂ ಅದರಲ್ಲಿದ್ದದ್ದು ಇಡೀ ಜರ್ಮಾನಿಕ್ ಕುಟುಂಬ: ಇಂಗ್ಲಿಷ್, ಡಚ್, ಡ್ಯಾನಿಷ್, ಸ್ವೀಡಿಷ್, ಐಸ್‌ಲ್ಯಾಂಡಿನ ಭಾಷೆ ಎಲ್ಲವೂ.

ಅಷ್ಟರಲ್ಲಿ ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಎಂಬ ಯುವಕ 1818ರಲ್ಲಿ ಪ್ರಕಟಿಸಿದ್ದ ಒಂದು ಪುಸ್ತಕ ಕೈಗೆ ಬಂತು. ನಾರ್ಸ್ ಭಾಷೆಯ ಮೂಲ ಹುಡುಕುತ್ತ ರಾಸ್ಕ್ ಒಂದು ವಿಷಯ ಗಮನಿಸಿದ್ದ: ಗ್ರೀಕ್, ಲ್ಯಾಟಿನ್ ಪದಗಳ ವ್ಯಂಜನಗಳಿಗೂ ನಾರ್ಸ್ ಪದಗಳ ವ್ಯಂಜನಗಳಿಗೂ ಒಂದು ಲೆಕ್ಕ ಇದೆ. ಯಾಕೋಬ್‌ಗೆ ಮಿಂಚು ಹೊಡೆದ ಹಾಗಾಗಿರಬೇಕು. ಆಗತಾನೇ ಅಚ್ಚಾಗಿ ಮಾರಾಟವಾಗುತ್ತಿದ್ದ ತನ್ನ ಪುಸ್ತಕವನ್ನೇ ಪಕ್ಕಕ್ಕಿಟ್ಟು ಹೊಸದಾಗಿ ಬರೆದ. 1822ರ ಎರಡನೇ ಆವೃತ್ತಿಯಲ್ಲಿ ಧ್ವನಿಗಳ ವಿಚಾರವೊಂದೇ ಸುಮಾರು 600 ಪುಟ. ಬಿಡಿಬಿಡಿಯಾಗಿ ಕಂಡಿದ್ದ ಲೆಕ್ಕವನ್ನು ಯಾಕೋಬ್ ಅಲ್ಲಿ ಒಂದು ಪೂರ್ತಿ ವ್ಯವಸ್ಥೆಯಾಗಿ ಕಟ್ಟಿ ತೋರಿಸಿದ. ಅದನ್ನೇ ಇಂದು ಗ್ರಿಮ್ ನಿಯಮ ಎನ್ನುತ್ತಾರೆ. ರಾಸ್ಕ್ ಹೆಸರು ಅದರಲ್ಲಿಲ್ಲ ಎಂಬುದು ಡೇನರಿಗೆ ಇವತ್ತಿಗೂ ಇರುವ ಕೊರಗು. ನನಗೂ ಅದು ನ್ಯಾಯ ಅನ್ನಿಸುವುದಿಲ್ಲ.

ಹಾಲು, ಹೂ, ಹುಲಿ

ಆ ನಿಯಮ ಏನೆಂದು ತಿಳಿಯಲು ಜರ್ಮನ್ ಬೇಕಿಲ್ಲ. ಕನ್ನಡ ಸಾಕು. ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೆಣ್ ಹೆಣ್ಣಾಯಿತು, ಪತ್ತು ಹತ್ತಾಯಿತು. ತಮಿಳಿನಲ್ಲಿ ಇಂದಿಗೂ ಪಾಲ್, ಪುಲಿ, ಪೂ, ಪೆಣ್, ಪತ್ತು ಹಾಗೇ ಇವೆ. ಇಲ್ಲಿ ಮುಖ್ಯವಾದದ್ದು ಪಾಲ್ ಮತ್ತು ಹಾಲು ಒಂದೇ ಥರ ಕೇಳುತ್ತವೆ ಎಂಬುದಲ್ಲ. ಪದದ ಮೊದಲಿನ ಪಕಾರ ಒಂದಾದ ಮೇಲೊಂದು ಪದದಲ್ಲಿ ಹಕಾರವಾಗಿದೆ ಎಂಬುದು. ಹೋಲಿಕೆ ಆಕಸ್ಮಿಕವಾಗಿರಬಹುದು. ಹತ್ತಾರು ಪದಗಳಲ್ಲಿ ಒಂದೇ ಕಡೆ ಒಂದೇ ಬದಲಾವಣೆ ಆಕಸ್ಮಿಕ ಆಗಲಾರದು. ಇನ್ನೂ ಒಂದು ಸಂಗತಿ: ‘ಪೆನ್ನು’ ಹೆನ್ನು ಆಗಲಿಲ್ಲ, ಯಾಕೆಂದರೆ ಅದು ಕನ್ನಡಕ್ಕೆ ಬರುವ ಹೊತ್ತಿಗೆ ಆ ಬದಲಾವಣೆ ಮುಗಿದಿತ್ತು. ಪದ ಮನೆಯದೋ ಸಾಲ ತಂದದ್ದೋ ಎಂದೂ ನಿಯಮ ಹೇಳಿಬಿಡುತ್ತದೆ.

ಜರ್ಮಾನಿಕ್ ಭಾಷೆಗಳಲ್ಲಿ ಆದದ್ದೂ ಇದೇ ಜಾತಿಯದು, ಆದರೆ ಒಂದಲ್ಲ, ಮೂರು ಸಾಲು. ನಮ್ಮ ವರ್ಗೀಯ ವ್ಯಂಜನಗಳ ಪಟ್ಟಿ ಎದುರಿಗಿಟ್ಟುಕೊಳ್ಳಿ. ಮೂಲದ ಪ, ತ, ಕ ಇದ್ದಲ್ಲಿ ಜರ್ಮಾನಿಕ್‌ನಲ್ಲಿ ಫ್ಯಾನಿನ ಫ, ಥಿಂಕ್‌ನ ಥ, ಮತ್ತು ಹ. ಬ, ದ, ಗ ಇದ್ದಲ್ಲಿ ಪ, ತ, ಕ. ಭ, ಧ, ಘ ಇದ್ದಲ್ಲಿ ಬ, ದ, ಗ. ಒಂದು ಸಾಲು ಜಾಗ ಬಿಟ್ಟರೆ ಇನ್ನೊಂದು ಬಂದು ಕೂರುತ್ತದೆ, ಬಸ್ಸಿನ ಸೀಟಿನ ಹಾಗೆ. ಹೀಗಾಗಿ ಪಾದಕ್ಕೆ ಜೋಡಿ ಫುಟ್, ತ್ರಿಗೆ ಥ್ರೀ, ಭ್ರಾತೃವಿಗೆ ಬ್ರದರ್. ಲ್ಯಾಟಿನ್ನಿನ ಕಾರ್ನು (ಕೊಂಬು) ಇಂಗ್ಲಿಷಿನಲ್ಲಿ ಹಾರ್ನ್.

ಈಗ ಫಾರ್ವರ್ಡ್ ಪಟ್ಟಿಗೆ ಈ ಅಳತೆಗೋಲು ಹಿಡಿಯೋಣ. ದಂತ – ಡೆಂಟಲ್? ನಿಯಮದ ಪ್ರಕಾರ ಮೊದಲಿನ ದಕಾರ ತಕಾರ ಆಗಬೇಕು, ಒಳಗಿನ ತಕಾರ ಥಕಾರ ಆಗಬೇಕು. ಹಾಗಾದದ್ದು ಡೆಂಟಲ್ ಅಲ್ಲ, ಟೂತ್. (ನಡುವಿನ ನಕಾರ ಇಂಗ್ಲಿಷಿನಲ್ಲಿ ಬಿದ್ದುಹೋಗಿದೆ.) ಡೆಂಟಲ್ ಎಂಬುದು ಲ್ಯಾಟಿನ್ನಿನಿಂದ ಬಹಳ ಈಚೆಗೆ ತಂದ ಸಾಲ, ಇಂಗ್ಲಿಷಿನ ‘ಪೆನ್ನು’. ಹೆಚ್ಚು ಹೋಲುವ ಜೋಡಿ ಪರಕೀಯ, ಹೋಲದ ಜೋಡಿ ನಿಜವಾದ ನೆಂಟ. ಕಿವಿಯನ್ನು ನಂಬಿದರೆ ಹೀಗಾಗುತ್ತದೆ.

ಇನ್ನು ಪಿತೃ – ಫಾದರ್. ಮೊದಲಿನ ಪಕಾರ ಫಕಾರ ಆಗಿದೆ, ಸರಿ. ಒಳಗಿನ ತಕಾರ ಫಾದರ್‌ನಲ್ಲಿ ‘ದರ್’ ಆಗಿದೆ, ಅಂದರೆ ಇಂಗ್ಲಿಷಿನ ಟಿ–ಎಚ್. ಅದೂ ಸರಿ ಎನ್ನಿಸುತ್ತದೆ. ಅಲ್ಲೇ ಗುಂಡಿ ಇರುವುದು.

ಕೂಡದ ಒಂದು ಅಕ್ಷರ

ಫಾದರ್‌ನ ಟಿ–ಎಚ್ ಹಳೆಯದಲ್ಲ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಅದು ಫ್ಯಾಡರ್, ಡಕಾರದ ಪದ. ಮದರ್ ಕೂಡ ಮೋಡರ್ ಆಗಿತ್ತು. ಬಹಳ ತಡವಾಗಿ, ಸುಮಾರು 500 ವರ್ಷಗಳ ಈಚೆಗಷ್ಟೇ, ಈ ಡಕಾರಗಳು ಟಿ–ಎಚ್ ಆಗಿ ಉಚ್ಚಾರ, ಬರಹ ಎರಡರಲ್ಲೂ ನಿಂತವು. ಆದರೆ ಬ್ರದರ್‌ನಲ್ಲಿ ಆಗಲೂ ಟಿ–ಎಚ್ ಇತ್ತು. ಇನ್ನೂ ಹಿಂದೆ ಹೋಗಿ ನಾಲ್ಕನೇ ಶತಮಾನದ ಗಾಥಿಕ್ ಬೈಬಲ್ ಅನುವಾದ ನೋಡಿದರೆ ಅಲ್ಲೂ ಬ್ರೋಥರ್‌ನಲ್ಲಿ ಥ, ಫಡರ್‌ನಲ್ಲಿ ಡ.

ಒಂದು ಉಪಕಥೆ. ಉಳಿದು ಬಂದಿರುವ ಗಾಥಿಕ್ ಪಠ್ಯದಲ್ಲೆಲ್ಲ ಫಡರ್ ಎಂಬ ಪದ ಸಿಗುವುದು ಒಂದೇ ಒಂದು ಸಲ. ಉಳಿದ ಕಡೆ ಗಾಥರು ಅಪ್ಪನಿಗೆ ಹೇಳುತ್ತಿದ್ದದ್ದು ‘ಅತ್ತ’ ಎಂದು. ಇದು ನಮ್ಮ ಅಪ್ಪ, ಅಮ್ಮ, ತಾತಗಳಂಥ ತೊದಲುಮಾತಿನ ಪದ. ಮಕ್ಕಳ ಬಾಯಲ್ಲಿ ಮೊದಲು ಬರುವ ಸದ್ದಿನಿಂದ ಎಲ್ಲ ದೇಶಗಳಲ್ಲೂ ಇಂಥವು ಹುಟ್ಟುತ್ತವೆ. ದಯವಿಟ್ಟು ನಾಳೆ ಯಾರೂ ಗಾಥಿಕ್ ‘ಅತ್ತ’ ಕನ್ನಡದ ‘ಅತ್ತೆ’ಯಿಂದ ಬಂತು ಎಂದು ಕಳಿಸಬೇಡಿ.

ಸರಿ, ಸಂಸ್ಕೃತದಲ್ಲಿ ಪಿತೃ, ಭ್ರಾತೃ ಎರಡರಲ್ಲೂ ಒಂದೇ ತಕಾರ. ಗ್ರೀಕ್, ಲ್ಯಾಟಿನ್‌ಗಳಲ್ಲೂ ಅಷ್ಟೆ. ಜರ್ಮಾನಿಕ್‌ನಲ್ಲಿ ಮಾತ್ರ ಒಂದು ಡ, ಒಂದು ಥ. ನಿಯಮ ಹೇಳುವುದು ಎರಡೂ ಥ ಆಗಬೇಕೆಂದು. ಇದು ಯಾಕೋಬ್‌ಗೆ ಕಾಣದ ವಿಷಯವಲ್ಲ. ಇಂಥ ಅಪವಾದಗಳು ಬೇಕಾದಷ್ಟಿದ್ದವು. ಧ್ವನಿಪಲ್ಲಟ ಒಟ್ಟಾರೆಯಾಗಿ ನಡೆಯುತ್ತದೆ, ಬಿಡಿಬಿಡಿ ಪದಗಳಲ್ಲಿ ಪೂರ್ತಿ ಚೊಕ್ಕಟವಾಗಿ ಅಲ್ಲ ಎಂದು ಅವನು ಒಪ್ಪಿ ಬರೆದ. ಬರದ ಲೆಕ್ಕವನ್ನು ಬಂದಂತೆ ತೋರಿಸಲಿಲ್ಲ. ಇದು ಸಣ್ಣ ಮಾತಲ್ಲ: ಹಾಗೆ ಬಿಟ್ಟುಹೋದದ್ದರಿಂದಲೇ ಮುಂದಿನವರಿಗೆ ಯಾವ ಕಡೆ ಹುಡುಕಬೇಕು ಎಂದು ಗೊತ್ತಾಯಿತು.

ಮೂರು ದಿನದಲ್ಲಿ ಊರು ಬಿಡು

ಕಾಸೆಲ್‌ನ ಗ್ರಂಥಾಲಯದಲ್ಲಿ ಸಿಗಬೇಕಾದ ಬಡ್ತಿ 1829ರಲ್ಲಿ ಬೇರೆಯವರ ಪಾಲಾದಾಗ ಸೋದರರಿಬ್ಬರೂ ಗೊಟ್ಟಿಂಗೆನ್‌ಗೆ ಹೊರಟರು. ವಿಲ್‌ಹೆಲ್ಮ್‌ಗೆ ಅಷ್ಟರಲ್ಲಿ ಮದುವೆಯಾಗಿತ್ತು. ಯಾಕೋಬ್ ಮದುವೆಯಾಗಲೇ ಇಲ್ಲ. ಕೊನೆಯ ತನಕ ತಮ್ಮನ ಸಂಸಾರದಲ್ಲೇ ದೊಡ್ಡಪ್ಪನಾಗಿ ಇದ್ದ. ಗೊಟ್ಟಿಂಗೆನ್‌ನಲ್ಲಿ ಅವನಿಗೆ ಪ್ರಾಧ್ಯಾಪಕ ಹುದ್ದೆ, ಒಳ್ಳೆಯ ಗ್ರಂಥಾಲಯ.

ಆ ಊರು ಹನೋವರ್ ರಾಜ್ಯಕ್ಕೆ ಸೇರಿತ್ತು. ಬ್ರಿಟನ್ನಿನ ರಾಜನೇ ಹನೋವರಿನ ರಾಜನೂ ಆಗಿದ್ದ. 1837ರಲ್ಲಿ ಬ್ರಿಟನ್ನಿನ ಪಟ್ಟ ವಿಕ್ಟೋರಿಯಾಗೆ ಬಂತು. ಹನೋವರಿನ ಕಾನೂನು ಹೆಣ್ಣಿಗೆ ಪಟ್ಟ ಕೊಡುತ್ತಿರಲಿಲ್ಲ. ಹಾಗಾಗಿ ಅಲ್ಲಿ ಅವಳ ಚಿಕ್ಕಪ್ಪ ಅರ್ನ್‌ಸ್ಟ್ ಔಗುಸ್ಟ್ ರಾಜನಾದ. ಬಂದವನೇ 1833ರ ಸಂವಿಧಾನವನ್ನು ರದ್ದು ಮಾಡಿದ. ಪ್ರಾಧ್ಯಾಪಕರು ಸರ್ಕಾರಿ ನೌಕರರು. ಅದೇ ಸಂವಿಧಾನದ ಮೇಲೆ ಪ್ರಮಾಣ ಮಾಡಿದವರು. ಏಳು ಮಂದಿ ಆ ಪ್ರಮಾಣ ನಮ್ಮನ್ನು ಈಗಲೂ ಕಟ್ಟಿಹಾಕಿದೆ ಎಂದು ಸಹಿ ಹಾಕಿದ ಪತ್ರ ಕೊಟ್ಟರು. ಯಾಕೋಬ್, ವಿಲ್‌ಹೆಲ್ಮ್ ಇಬ್ಬರೂ ಆ ಏಳರಲ್ಲಿದ್ದರು. ಡಿಸೆಂಬರ್‌ನಲ್ಲಿ ಏಳೂ ಜನರ ಕೆಲಸ ಹೋಯಿತು. ಯಾಕೋಬ್ ಸೇರಿ ಮೂವರಿಗೆ ಇನ್ನೊಂದು ಆದೇಶ: ಮೂರು ದಿನದೊಳಗೆ ರಾಜ್ಯ ಬಿಡಬೇಕು.

ಐವತ್ತೆರಡು ವಯಸ್ಸು. ಓದು, ಕೋಣೆ, ಕಾಗದ ಬಿಟ್ಟರೆ ಬೇರೆ ಲೋಕ ಬೇಡದ ಮನುಷ್ಯ. ಪದದ ಅರ್ಥ ಹುಡುಕುವುದನ್ನೇ ಬದುಕು ಮಾಡಿಕೊಂಡವನಿಗೆ ತಾನು ಆಡಿದ ಪ್ರಮಾಣದ ಪದವನ್ನು ನುಂಗಲು ಆಗಲಿಲ್ಲ ಎಂದು ನಾನು ಅಂದುಕೊಳ್ಳುತ್ತೇನೆ. ವಿದ್ಯಾರ್ಥಿಗಳ ದೊಡ್ಡ ಗುಂಪು ಗಡಿಯ ತನಕ ಹೋಗಿ ಅವರನ್ನು ಬೀಳ್ಕೊಟ್ಟಿತು. ಬೇರೆ ಬೇರೆ ಊರುಗಳ ಜನ ಚಂದಾ ಎತ್ತಿ ಆ ಏಳೂ ಕುಟುಂಬಗಳಿಗೆ ಹಣ ಕಳಿಸಿದರು. ಕೆಲಸವಿಲ್ಲದ ಆ ದಿನಗಳಲ್ಲೇ, 1838ರಲ್ಲಿ, ಪ್ರಕಾಶಕರು ಒಂದು ಕೆಲಸ ಒಪ್ಪಿಸಿದರು: ಜರ್ಮನ್ ಭಾಷೆಯ ದೊಡ್ಡ ನಿಘಂಟು. ಪ್ರತಿ ಪದದ ಹುಟ್ಟು, ನಡೆದ ದಾರಿ, ಬಳಸಿದವರ ಉದಾಹರಣೆ ಎಲ್ಲ ಇರುವಂಥದ್ದು. ಕೆಲವು ವರ್ಷಗಳಲ್ಲಿ ಕೆಲವೇ ಸಂಪುಟಗಳಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದರು. ನಂತರ ಪ್ರಷ್ಯಾದ ರಾಜ ಕರೆಸಿಕೊಂಡ ಮೇಲೆ 1841ರಿಂದ ಬರ್ಲಿನ್‌ನಲ್ಲಿ ಕೂತು ಆ ಕೆಲಸ.

ಇಲ್ಲಿಯ ತನಕ ಓದಿದವರಿಗೆ ಯಾಕೋಬ್ ಮೇಲೆ ಗೌರವ ಬಂದಿರುತ್ತದೆ. ಮುಂದಿನದನ್ನು ಮುಚ್ಚಿಡುವುದು ಸರಿಯಲ್ಲ. 1848ರಲ್ಲಿ ಅವನು ಜರ್ಮನ್ ಭಾಷೆಯ ಇತಿಹಾಸದ ಬಗ್ಗೆ ಒಂದು ಪುಸ್ತಕ ಬರೆದ. ಈ ಧ್ವನಿಪಲ್ಲಟ ಯಾಕೆ ಆಯಿತು ಎಂಬ ಪ್ರಶ್ನೆಗೆ ಅಲ್ಲಿ ಅವನು ಕೊಟ್ಟ ಉತ್ತರ, ಅದು ಜರ್ಮಾನಿಕ್ ಜನರ ಧೈರ್ಯ ಮತ್ತು ಸ್ವಾತಂತ್ರ್ಯದ ತುಡಿತದ ಫಲ ಎಂಬಂತಿದೆ. ನಾಲಗೆ ಹಲ್ಲಿಗೆ ತಾಗುವ ರೀತಿ ಬದಲಾಗಲು ಶೌರ್ಯ ಬೇಕಿಲ್ಲ. ನಾವು ಪಾಲನ್ನು ಹಾಲು ಮಾಡಿದ್ದು ಯಾವ ಯುದ್ಧ ಗೆದ್ದೂ ಅಲ್ಲ. ಅದೇ ಪುಸ್ತಕದಲ್ಲಿ ಡೆನ್ಮಾರ್ಕಿನ ಜುಟ್‌ಲ್ಯಾಂಡ್ ಪ್ರದೇಶ ಮೂಲತಃ ಜರ್ಮನ್ನರದ್ದು ಎಂದು ಭಾಷೆಯ ಆಧಾರದಿಂದ ವಾದಿಸಿದ. ಆ ವರ್ಷ ಫ್ರಾಂಕ್‌ಫರ್ಟ್ ರಾಷ್ಟ್ರೀಯ ಸಭೆಯ ಸದಸ್ಯನಾಗಿ, ಡೇನರ ಜೊತೆಗಿನ ಗಡಿಜಗಳದಲ್ಲಿ ಜರ್ಮನ್ ಪಕ್ಷದ ಕಟ್ಟಾ ಬೆಂಬಲಿಗನಾದ. ನಿಯಮ ಕಂಡುಕೊಂಡವನಿಗೇ ಹೆಮ್ಮೆ ಕಣ್ಣು ಕಟ್ಟಿತು. ಯಾವ ಡೇನ್ ಅವನಿಗೆ ದಾರಿ ತೋರಿಸಿದ್ದನೋ ಆ ರಾಸ್ಕ್ ತೀರಿಕೊಂಡು ಆಗ 16 ವರ್ಷವಾಗಿತ್ತು.

ನಿಘಂಟಿನ ಮೊದಲ ಸಂಪುಟ 1854ರಲ್ಲಿ ಬಂತು. ಡಿ ಅಕ್ಷರ ಮುಗಿಸಿದ ವಿಲ್‌ಹೆಲ್ಮ್ 1859ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಯಾಕೋಬ್ ಒಬ್ಬನೇ ಎಳೆದ. 1863ರ ಸೆಪ್ಟೆಂಬರ್ 20ರಂದು ಅವನು ಸಾಯುವಾಗ ಕೆಲಸ ಎಫ್ ಅಕ್ಷರದಲ್ಲಿತ್ತು, ‘ಫ್ರುಖ್ಟ್’ ಎಂಬ ಪದದ ಹತ್ತಿರ. ಹಣ್ಣು, ಫಲ ಎಂದು ಅರ್ಥ. ಗಮನಿಸಿ, ಇದರ ಫಕಾರ ಗ್ರಿಮ್ ನಿಯಮದ ಫಕಾರವಲ್ಲ. ಪದವೇ ಲ್ಯಾಟಿನ್ನಿನ ‘ಫ್ರುಕ್ಟುಸ್’ನಿಂದ ತಂದ ಸಾಲ. ಸೋದರರಿಬ್ಬರ ಸಮಾಧಿ ಬರ್ಲಿನ್ನಿನಲ್ಲಿ ಅಕ್ಕಪಕ್ಕದಲ್ಲಿದೆ. ನಿಘಂಟು ಮುಗಿದದ್ದು 1961ರಲ್ಲಿ, 32 ಪುಸ್ತಕಗಳಾಗಿ. ಅಷ್ಟರಲ್ಲಿ ಜರ್ಮನಿ ಎರಡು ಹೋಳಾಗಿತ್ತು. ಎರಡೂ ಕಡೆಯ ವಿದ್ವಾಂಸರು ಹಂಚಿಕೊಂಡು ಮುಗಿಸಿದರು. ಪಶ್ಚಿಮದವರ ಕಚೇರಿ ಇದ್ದದ್ದು ಗೊಟ್ಟಿಂಗೆನ್‌ನಲ್ಲಿ.

ಉತ್ತರ ಇದ್ದದ್ದು ಸ್ವರದಲ್ಲಿ

ಡ ಮತ್ತು ಥ ಗಂಟು ಬಿಡಿಸಿದವನು ಕಾರ್ಲ್ ವೆರ್ನರ್. 1846ರಲ್ಲಿ ಹುಟ್ಟಿದವನು, ಊರು ಆರ್ಹುಸ್. ಅದು ಇರುವುದು ಜುಟ್‌ಲ್ಯಾಂಡಿನಲ್ಲಿ, ಯಾಕೋಬ್ ಜರ್ಮನ್ನರದ್ದು ಎಂದಿದ್ದ ಅದೇ ನೆಲದಲ್ಲಿ. ಮತ್ತೆ ಒಬ್ಬ ಡೇನ್!

ವೆರ್ನರ್ ತಾನೇ ಹೇಳಿಕೊಂಡ ಕಥೆ ಹೀಗಿದೆ. ಒಂದು ಮಧ್ಯಾಹ್ನ ಮೈ ಸರಿ ಇರಲಿಲ್ಲ, ಮಲಗಲು ಹೊರಟ. ಓದುತ್ತ ನಿದ್ದೆ ಬರಲಿ ಎಂದು ಕೈಗೆ ಸಿಕ್ಕಿದ ಪುಸ್ತಕ ತೆಗೆದ. ಅದು ಬಾಪ್ ಬರೆದ ತೌಲನಿಕ ವ್ಯಾಕರಣ. ತೆರೆದ ಪುಟದಲ್ಲಿ ಸಂಸ್ಕೃತದ ಪಿತಾ ಮತ್ತು ಭ್ರಾತಾ, ಸ್ವರದ ಗುರುತಿನ ಸಮೇತ. ಪಿತಾದಲ್ಲಿ ಉದಾತ್ತ ಇರುವುದು ಎರಡನೇ ಅಕ್ಷರ ‘ತಾ’ ಮೇಲೆ. ಭ್ರಾತಾದಲ್ಲಿ ಮೊದಲ ಅಕ್ಷರ ‘ಭ್ರಾ’ ಮೇಲೆ. ವೇದಪಾಠ ಕೇಳಿದವರಿಗೆ ಉದಾತ್ತ, ಅನುದಾತ್ತ ಹೊಸದಲ್ಲ. ಆ ಸ್ವರಕ್ಕೂ ಸಾವಿರಾರು ಮೈಲಿ ದೂರದ ಜರ್ಮಾನಿಕ್ ವ್ಯಂಜನಕ್ಕೂ ಸಂಬಂಧ ಇರಬಹುದೇ ಎಂದು ಅವನಿಗೆ ಹೊಳೆಯಿತು. ನಿದ್ದೆ ಹೋಯಿತು.

ಪದ ಪದ ಹಿಡಿದು ನೋಡಿದ. ಒಳಗಿನ ತಕಾರದ ಹಿಂದಿನ ಅಕ್ಷರದ ಮೇಲೆ ಸ್ವರ ಇದ್ದರೆ ಜರ್ಮಾನಿಕ್‌ನಲ್ಲಿ ಥ ಉಳಿಯುತ್ತದೆ: ಭ್ರಾತಾ, ಬ್ರೋಥರ್. ಹಿಂದಿನ ಅಕ್ಷರದ ಮೇಲೆ ಸ್ವರ ಇಲ್ಲದಿದ್ದರೆ ಅದು ಮೆತ್ತಗಾಗಿ ಡ ಆಗುತ್ತದೆ: ಪಿತಾ, ಫಡರ್. ಮಾತಾದಲ್ಲೂ ಉದಾತ್ತ ‘ತಾ’ ಮೇಲೆ. ಹಳೆಯ ಇಂಗ್ಲಿಷಿನ ಮೋಡರ್‌ನಲ್ಲಿ ಡ. ಅಪವಾದದ ರಾಶಿಗಳು ಒಂದೇ ಏಟಿಗೆ ನಿಯಮದೊಳಗೆ ಬಂದವು. 1875ರಲ್ಲಿ ಬರೆದ ಈ ಲೇಖನ ಮುಂದೆ ಜರ್ಮನ್ ವಿದ್ವತ್ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಯಾಕೋಬ್ ತೀರಿಕೊಂಡು ಆಗ 12 ವರ್ಷ.

ಆಧುನಿಕ ಜರ್ಮನ್‌ನಲ್ಲಿ ಅಪ್ಪ ‘ಫಾಟರ್’, ಅಣ್ಣತಮ್ಮ ‘ಬ್ರೂಡರ್’. ಒಂದರಲ್ಲಿ ಟ, ಒಂದರಲ್ಲಿ ಡ. ಆ ಎರಡು ಸಾವಿರ ವರ್ಷ ಹಳೆಯ ವ್ಯತ್ಯಾಸ ಯಾಕೋಬ್‌ನ ಮಾತೃಭಾಷೆಯಲ್ಲೇ ಉಳಿದುಕೊಂಡಿತ್ತು, ಅವನು ತಮ್ಮನನ್ನು ‘ಬ್ರೂಡರ್’ ಎಂದಾಗಲೆಲ್ಲ ನಾಲಗೆಯ ಮೇಲೇ ಇತ್ತು.

ಈಗ ಅಪ್ಪ ಎಂಬ ಪದ ನಡೆದ ದಾರಿಯನ್ನು ವಿದ್ವಾಂಸರು ಹೀಗೆ ಕಟ್ಟಿಕೊಡುತ್ತಾರೆ. ತೀರ ಹಿಂದೆ, ಸುಮಾರಾಗಿ ‘ಪತೇರ್’, ಒತ್ತು ‘ತೇ’ ಮೇಲೆ. ಪ, ತಗಳು ಪಲ್ಲಟಗೊಂಡು ‘ಫಥೇರ್’. ಹಿಂದಿನ ಅಕ್ಷರದ ಮೇಲೆ ಒತ್ತಿಲ್ಲದ ಕಾರಣ ಥ ಮೆತ್ತಗಾಗಿ ‘ಫಡೇರ್’. ಆಮೇಲೆ ಜರ್ಮಾನಿಕ್ ಭಾಷೆಗಳಲ್ಲಿ ಒತ್ತು ಎಲ್ಲ ಪದಗಳಲ್ಲೂ ಮೊದಲ ಅಕ್ಷರಕ್ಕೆ ಸರಿಯಿತು, ಕಾರಣದ ಗುರುತೇ ಅಳಿಸಿಹೋಯಿತು. ಕಳ್ಳ ಓಡಿಹೋಗಿ ಹೆಜ್ಜೆ ಗುರುತು ಮಾತ್ರ ಉಳಿದ ಹಾಗೆ. ಇಂದು ಪುಸ್ತಕಗಳಲ್ಲಿ ‘ಫಡೇರ್’ ಎಂದು ಬರೆದು ಮುಂದೆ ಒಂದು ಸಣ್ಣ ನಕ್ಷತ್ರ ಹಾಕುತ್ತಾರೆ. ಈ ರೂಪ ಯಾವ ಕಲ್ಲಿನ ಮೇಲೂ ಹಸ್ತಪ್ರತಿಯಲ್ಲೂ ಸಿಕ್ಕಿಲ್ಲ, ಲೆಕ್ಕ ಹಾಕಿ ತೆಗೆದದ್ದು ಎಂಬುದು ಆ ನಕ್ಷತ್ರದ ಅರ್ಥ. ಫಾರ್ವರ್ಡ್‌ಗಳಿಗೂ ಇಂಥದ್ದೊಂದು ಗುರುತು ಹಾಕುವ ಪದ್ಧತಿ ಬಂದರೆ ಚೆನ್ನಾಗಿತ್ತು.

ಹಾಗಾದರೆ ಸಂಸ್ಕೃತವಿಲ್ಲದೆ ಫಾದರ್‌ನ ಕಥೆ ಬಿಡಿಸಲು ಆಗುತ್ತಿರಲಿಲ್ಲ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಸಂಸ್ಕೃತ ಇಲ್ಲಿ ಬಹಳ ದೊಡ್ಡ ಸಾಕ್ಷಿ, ನಿಜ. ಗ್ರೀಕ್ ಕೂಡ ಅದೇ ಸಾಕ್ಷಿ ಹೇಳುತ್ತದೆ. ಅಲ್ಲೂ ‘ಪತೇರ್’ನ ಸ್ವರ ಎರಡನೇ ಅಕ್ಷರದ ಮೇಲೇ ಇದೆ. ಆದರೆ ಸಾಕ್ಷಿ ಬೇರೆ, ತಾಯಿ ಬೇರೆ. ಸ್ವರವನ್ನು ಅಷ್ಟು ಜತನವಾಗಿ ಕಾಪಾಡಿದ ಸಂಸ್ಕೃತ ಬೇರೆ ಕೆಲವನ್ನು ಕಳೆದುಕೊಂಡಿದೆ. ದಶಕ್ಕೆ ಲ್ಯಾಟಿನ್ ಡೆಕೆಮ್, ಗ್ರೀಕ್ ಡೆಕ. ಅಷ್ಟಕ್ಕೆ ಎರಡರಲ್ಲೂ ಒಕ್ಟೊ. ಓಡಿಸು ಎಂಬರ್ಥದ ಅಜತಿಗೆ ಎರಡರಲ್ಲೂ ಅಗೊ. ಸಂಸ್ಕೃತದಲ್ಲಿ ಮೂರರಲ್ಲೂ ಅಕಾರ. ಲ್ಯಾಟಿನ್, ಗ್ರೀಕ್ ಎರಡರಲ್ಲೂ ಎ, ಒ, ಅ. ಸಂಸ್ಕೃತವೇ ಮೂಲವಾಗಿದ್ದರೆ, ಯಾವ ಅಕಾರವನ್ನು ಎ ಮಾಡಬೇಕು, ಯಾವುದನ್ನು ಒ ಮಾಡಬೇಕು ಎಂದು ಆ ಎರಡು ಭಾಷೆಗಳೂ ಮಾತಾಡಿಕೊಂಡು ತೀರ್ಮಾನಿಸಿದವೇ? ಅಕ್ಕಿ ಹಿಟ್ಟು, ರಾಗಿ ಹಿಟ್ಟು, ಗೋಧಿ ಹಿಟ್ಟು ಒಂದು ಡಬ್ಬಕ್ಕೆ ಸುರಿದು ಕಲಸುವುದು ಸುಲಭ. ಕಲಸಿದ ಡಬ್ಬದಿಂದ ಮೂರನ್ನೂ ಬೇರೆ ತೆಗೆಯುವುದು ಆಗದ ಮಾತು. ಕಲಸಿದ್ದು ಸಂಸ್ಕೃತದ ಮನೆಯಲ್ಲಿ. ಮೂಲದ ಡಬ್ಬಗಳು ಅದಕ್ಕೂ ಹಿಂದಿನ ಮನೆಯವು.

ಕನ್ನಡದ ವಿಷಯಕ್ಕೂ ಇದೇ ಅಳತೆಗೋಲು. ಯಾಕೋಬ್‌ನ ವ್ಯಾಕರಣ ಬರುವ ಮೂರು ವರ್ಷ ಮೊದಲೇ, 1816ರಲ್ಲಿ, ಮದರಾಸಿನಲ್ಲಿ ಅಧಿಕಾರಿಯಾಗಿದ್ದ ಎಲ್ಲಿಸ್ ಎಂಬಾತ ಕನ್ನಡ, ತಮಿಳು, ತೆಲುಗುಗಳನ್ನು ಪಕ್ಕಪಕ್ಕ ಇಟ್ಟು ಅವು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯದೇ ಕುಟುಂಬ ಎಂದು ತೋರಿಸಿದ್ದ. ಅವನು ನೋಡಿದ್ದು ಕೂಡ ಬೇರುಪದಗಳ ಲೆಕ್ಕ, ಕಿವಿಯ ಹಿತವಲ್ಲ.

ಆ ಫಾರ್ವರ್ಡ್ ಮತ್ತೆ ಬಂದರೆ ಜಗಳ ಆಡಬೇಕಾಗಿಲ್ಲ. ಸ್ವಲ್ಪ ತಿದ್ದಿ ವಾಪಸ್ ಕಳಿಸಬಹುದು. ಡೆಂಟಲ್ ತೆಗೆದು ಟೂತ್ ಹಾಕಿ. ಸಂಸ್ಕೃತದ ಪಕ್ಕದಲ್ಲೇ ಗ್ರೀಕ್, ಲ್ಯಾಟಿನ್, ಗಾಥಿಕ್‌ಗೆ ಒಂದೊಂದು ಸಾಲು ಬಿಡಿ. ಎಲ್ಲಕ್ಕಿಂತ ಮೇಲೆ ‘ಪತೇರ್’ ಎಂದು ಬರೆದು, ಮುಂದೆ ನಕ್ಷತ್ರ ಹಾಕಲು ಮರೆಯಬೇಡಿ.